ನನ್ನ ಟ್ರ್ಯಾಕ್ಟರಿಗೆ ಹೊಂದದ ಬೇಲರ್ ಮಾರಿರುವ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಮಾರಾಟ ವಿಭಾಗ

ಮಾನ್ಯರೇ,

ನಿಮ್ಮಲ್ಲಿ ಕೊಂಡ ಬೇಲರ್ (ಒಣಹುಲ್ಲನ್ನು ಒತ್ತಿ ಚೌಕ ಪೆಂಡಿ ಕಟ್ಟುವ ಯಂತ್ರ) ಈ ಹಂಗಾಮಿನಲ್ಲಿ ಹುಲ್ಲಿನ ಒಂದು ಸಾಲನ್ನೂ ನೆಟ್ಟಗೆ ಮುಗಿಸಿಲ್ಲ. ಯಂತ್ರ ಕೆಟ್ಟಿದೆ ಅಂತ ನಾನು ಹೇಳುತ್ತಿಲ್ಲ. ನನ್ನ ಟ್ರ್ಯಾಕ್ಟರಿಗೆ ಅದು ಹೊಂದುವುದೇ ಇಲ್ಲ, ಅದೇ ನನ್ನ ದೂರು.

ಕೊಳ್ಳುವ ಮೊದಲೇ ನಿಮ್ಮ ಪ್ರತಿನಿಧಿಗೆ ಮೆಸೇಜಿನಲ್ಲಿ ಎಲ್ಲ ತಿಳಿಸಿದ್ದೆ. ಟ್ರ್ಯಾಕ್ಟರ್ 24 ಎಚ್‌ಪಿ, ಜಮೀನು 4 ಎಕರೆ, ಅದರಲ್ಲಿ ಅರ್ಧ ಇಳಿಜಾರು. "ಸಣ್ಣ ರೈತರಿಗೆಂದೇ ಮಾಡಿದ್ದು ಸಾರ್, ಆರಾಮಾಗಿ ಎಳೆಯುತ್ತೆ" ಎಂದು ಉತ್ತರ ಬಂತು. ಯಂತ್ರ ಇಳಿಸಿಕೊಂಡ ಮೇಲೆ ಜೊತೆಗೆ ಬಂದ ಕೈಪಿಡಿ ತೆರೆದರೆ, ಪಿಟಿಒದಲ್ಲಿ (ಟ್ರ್ಯಾಕ್ಟರಿನ ಹಿಂದೆ ಜೋಡಿಸಿದ ಯಂತ್ರವನ್ನು ತಿರುಗಿಸುವ ದಂಡ) ಕನಿಷ್ಠ 35 ಎಚ್‌ಪಿ ಬೇಕು ಎಂದಿದೆ! 24 ಅನ್ನೋದು ಎಂಜಿನ್ನಿನ ಲೆಕ್ಕ. ಪಿಟಿಒ ಮುಟ್ಟುವಷ್ಟರಲ್ಲಿ ಅದು 20ರ ಆಸುಪಾಸಿಗೆ ಇಳಿಯುತ್ತದೆ. ಯಂತ್ರ ಮಾರುವವರಿಗೆ ಇದು ಗೊತ್ತಿರಬೇಕು, ಅಲ್ವಾ? ನಿಮ್ಮ ಕರಪತ್ರದಲ್ಲಿ ಬಣ್ಣದ ಫೋಟೋ ಇದೆ, ಎಷ್ಟು ಎಕರೆಗೆ ಸಾಕು ಅಂತ ಇದೆ. ಪಿಟಿಒ ಎಚ್‌ಪಿಯ ಸುದ್ದಿಯೇ ಇಲ್ಲ.

ಬೇಲರಿನೊಳಗೆ ಹಿಂದೆಮುಂದೆ ಆಡುವ ಪ್ಲಂಜರ್ ಹುಲ್ಲನ್ನು ಒತ್ತಿದಾಗಲೆಲ್ಲ ಟ್ರ್ಯಾಕ್ಟರ್ ಹಿಂದಕ್ಕೂ ಮುಂದಕ್ಕೂ ಜಗ್ಗಾಡುತ್ತದೆ. ಸಾಲು ಸ್ವಲ್ಪ ದಪ್ಪ ಸಿಕ್ಕಿದರೆ ಸಾಕು, ಎಂಜಿನ್ ಗೊರಗುಟ್ಟಿ ಪಿಟಿಒ ನಿಮಿಷಕ್ಕೆ 540 ಸುತ್ತಿನಿಂದ ಕೆಳಗೆ ಬೀಳುತ್ತದೆ. ಒಮ್ಮೊಮ್ಮೆ ಭಾರ ಮಿತಿಮೀರಿದರೆ ಮುರಿಯಲೆಂದೇ ಫ್ಲೈವೀಲಿಗೆ ಹಾಕಿರುವ ಶಿಯರ್ ಬೋಲ್ಟೇ ತುಂಡಾಗುತ್ತದೆ. ಇಳಿಜಾರಿನಲ್ಲಂತೂ ಟನ್ನಿಗೂ ಜಾಸ್ತಿ ತೂಕದ ಬೇಲರ್ ಹಿಂದಿನಿಂದ ತಳ್ಳುತ್ತಾ ಬರುತ್ತದೆ. ಬ್ರೇಕ್ ಮೇಲೆ ಎರಡೂ ಕಾಲಿಟ್ಟು ಕೂರಬೇಕು.

ನಿಮ್ಮ ಮೆಕ್ಯಾನಿಕ್ ಬಂದು ದಾರ ಸರಿಯಿಲ್ಲ ಅಂದರು. ದಾರ ಬದಲಾಯಿಸಿದೆ. ಆಮೇಲೆ ಹುಲ್ಲು ಹಸಿ ಅಂದರು. ತೇವದ ಮೀಟರ್ ಚುಚ್ಚಿ ತೋರಿಸಿದೆ, 16 ಪರ್ಸೆಂಟ್ ಇತ್ತು. 20 ದಾಟಿದರೆ ಪೆಂಡಿ ಬೂಷ್ಟು ಹಿಡಿಯುತ್ತದೆ, ಒಳಗೊಳಗೇ ಕಾವೇರುತ್ತದೆ ಅನ್ನೋದು ನನಗೂ ಗೊತ್ತು. ಟ್ರ್ಯಾಕ್ಟರಿನ ಎಚ್‌ಪಿ ಎಷ್ಟು ಅಂತ ಮಾತ್ರ ಅವರು ಕೇಳಲೇ ಇಲ್ಲ. ಈ ಓಡಾಟದಲ್ಲೇ ಮಳೆ ಬಂದು, ಒಣಗಿ ಸಾಲಾಗಿ ಬಿದ್ದಿದ್ದ ಹುಲ್ಲೆಲ್ಲ ಕಪ್ಪಾಯಿತು. ದನಗಳು ಮೂಸಿ ಬಿಟ್ಟವು.

ನನ್ನಂಥವರಿಗೆ ದುಂಡು ಪೆಂಡಿ ಕಟ್ಟುವ ಮಿನಿ ಬೇಲರ್ ಸಾಕಿತ್ತು. ಪ್ರತಿ ಪೆಂಡಿಗೂ ನಿಂತು ದಾರ ಸುತ್ತಬೇಕು, ಕೆಲಸ ನಿಧಾನ, ನಿಜ. ನಾಲ್ಕು ಎಕರೆಗೆ ಯಾವ ಅವಸರ? ಅದು ನಿಮ್ಮ ಅಂಗಡಿಯಲ್ಲೇ ಇತ್ತು, ಬೆಲೆಯೂ ಕಡಿಮೆ. ಬಹುಶಃ ಅದಕ್ಕೇ ಯಾರೂ ತೋರಿಸಲಿಲ್ಲ.

ನಿಮ್ಮಲ್ಲೇ ಕೊಂಡ, ಹುಲ್ಲನ್ನು ಸಾಲಾಗಿ ಒಟ್ಟುಮಾಡುವ ರೇಕ್ ಬಗ್ಗೆ ತಕರಾರಿಲ್ಲ, ಚೆನ್ನಾಗಿ ಕೆಲಸ ಮಾಡುತ್ತಿದೆ.

ಈ ಬೇಲರ್ ವಾಪಸ್ ತೆಗೆದುಕೊಂಡು, 20 ಪಿಟಿಒ ಎಚ್‌ಪಿಗೆ ಹೊಂದುವ ಮಿನಿ ಬೇಲರ್ ಕೊಡಿ. ಉಳಿದ ಹಣ ಹಿಂತಿರುಗಿಸಿ. ಸಾಗಣೆ ಖರ್ಚು ಎರಡೂ ಕಡೆಯದು ನಿಮ್ಮದೇ. ಕೊಡುವ ಮುಂಚೆ ಹೊಲದಲ್ಲಿ ನನ್ನ ಟ್ರ್ಯಾಕ್ಟರಿಗೇ ಜೋಡಿಸಿ ಓಡಿಸಿ ತೋರಿಸಬೇಕು. 15 ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ಬಿಲ್ಲು, ಮೆಸೇಜುಗಳು ಮತ್ತು ಕೈಪಿಡಿಯ ಆ ಪುಟದ ಪ್ರತಿ ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ