ಹಾಲಿನ ಕೋಟಾ: ಲೈಸೆನ್ಸು ಯಾರ ಕೈಗೆ?

ಮಾನ್ಯ ಸಂಪಾದಕರೇ,

ಬೇರೆ ದೇಶಗಳ ಜೊತೆ ವ್ಯಾಪಾರ ಒಪ್ಪಂದದ ಮಾತು ಬಂದಾಗಲೆಲ್ಲ, ಹಾಲಿನ ಪದಾರ್ಥಗಳಿಗೆ ಸಣ್ಣದೊಂದು ಕೋಟಾ ಕೊಟ್ಟರೆ ಏನೂ ಆಗಲ್ಲ ಎನ್ನುವವರು ಇರುತ್ತಾರೆ. ಇಷ್ಟು ಟನ್‌ವರೆಗೆ ಕಡಿಮೆ ಸುಂಕ, ಮೀರಿದರೆ ಭಾರಿ ಸುಂಕ. ಇದೇ ಕೋಟಾ. ಟನ್ನಿನ ಲೆಕ್ಕ ಎಲ್ಲರೂ ಕೇಳುತ್ತಾರೆ. ತರಿಸುವ ಲೈಸೆನ್ಸು ಯಾರಿಗೆ, ಯಾವ ತಿಂಗಳಲ್ಲಿ ಎಂದು ಯಾರೂ ಕೇಳುವುದಿಲ್ಲ.

ಕೆನಡಾದವರು ಇದನ್ನು ಚೆನ್ನಾಗಿ ಅರಿತಿದ್ದಾರೆ. 2020ರಲ್ಲಿ ಜಾರಿಗೆ ಬಂದ ಒಪ್ಪಂದದಲ್ಲಿ ಅಮೆರಿಕದ ಹಾಲು, ಚೀಸ್, ಬೆಣ್ಣೆಗೆ ಅವರು ಕೋಟಾ ಕೊಟ್ಟರು. ಅದನ್ನು ಮೀರಿದರೆ ಚೀಸ್ ಮೇಲೆ ಶೇ 245.5, ಬೆಣ್ಣೆ ಮೇಲೆ ಶೇ 298.5 ಸುಂಕ! ಆಮೇಲೆ ಕೋಟಾದ ದೊಡ್ಡ ಪಾಲನ್ನು ತಮ್ಮದೇ ಡೇರಿ ಕಾರ್ಖಾನೆಗಳಿಗೆ ಮೀಸಲಿಟ್ಟರು. ಹೊರಗಿನ ಚೀಸ್ ತರಿಸಿ ತಮ್ಮ ಮಾಲಿಗೆ ತಾವೇ ಪೈಪೋಟಿ ತಂದುಕೊಳ್ಳಲು ಆ ಕಾರ್ಖಾನೆಯವರಿಗೇನು ಹುಚ್ಚೇ? ಅಮೆರಿಕ ದೂರು ಕೊಟ್ಟಿತು, 2021ರ ಕೊನೆಯಲ್ಲಿ ಆ ಒಪ್ಪಂದದಡಿಯ ವಿವಾದ ಸಮಿತಿ ಈ ಮೀಸಲು ತಪ್ಪು ಎಂದಿತು. ಕೆನಡಾ ನಿಯಮ ತಿದ್ದಿತು, ಅಮೆರಿಕ ಮತ್ತೆ ಕೇಸು ಹಾಕಿತು, 2023ರಲ್ಲಿ ಕೆನಡಾವೇ ಗೆದ್ದಿತು. ಟನ್ನಿನ ಬಗ್ಗೆ ತಕರಾರೇ ಇರಲಿಲ್ಲ, ಜಗಳವೆಲ್ಲ ಹಂಚಿಕೆಯದು. ಮಾಡಿದ್ದು ಜಾಣತನವೋ ಮೋಸವೋ, ಅವರ ರೈತರಂತೂ ಬೇಸರಪಟ್ಟಿರಲಾರರು.

ನಮ್ಮಲ್ಲೂ ಹಾಲಿನ ಪುಡಿಗೆ ಕೋಟಾ ಇದೆ. 10,000 ಟನ್‌ವರೆಗೆ ಶೇ 15 ಸುಂಕ, ಮೇಲ್ಪಟ್ಟರೆ ಶೇ 60. ಲೈಸೆನ್ಸನ್ನು ಸಿಕ್ಕಸಿಕ್ಕವರಿಗೆ ಕೊಡದೆ, ಎನ್‌ಡಿಡಿಬಿಯಂಥ (ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ) ಗೊತ್ತುಪಡಿಸಿದ ಸಂಸ್ಥೆಗಳಿಗೆ ಬಿಟ್ಟಿರುವುದು ಒಳ್ಳೆಯದೇ. ಎಡವಿದ್ದು ಹೊತ್ತಿನ ವಿಷಯದಲ್ಲಿ. 2020ರ ಜೂನ್‌ನಲ್ಲಿ ಕೇಂದ್ರ ಈ ಕೋಟಾದಡಿ ಆಮದಿಗೆ ಒಪ್ಪಿಗೆ ಕೊಟ್ಟಿತು. ಆಗ ಕೊರೊನಾದಿಂದ ಹೋಟೆಲು, ಸ್ವೀಟ್ ಅಂಗಡಿಗಳಿಗೆ ವ್ಯಾಪಾರವಿಲ್ಲ. ಮಿಕ್ಕ ಹಾಲನ್ನು ಒಕ್ಕೂಟಗಳು ಪುಡಿ ಮಾಡಿ ಗೋದಾಮಿಗೆ ತುಂಬುತ್ತಿದ್ದವು. ದೇಶದ ಲೆಕ್ಕದಲ್ಲಿ 10,000 ಟನ್ ಚಿಲ್ಲರೆ, ಒಪ್ಪೋಣ. ಆದರೆ ಪುಡಿಯ ದರ ಇಳಿದರೆ ಒಕ್ಕೂಟ ಕೈ ಹಾಕುವುದು ಸೊಸೈಟಿಯಲ್ಲಿ ನಮಗೆ ಕೊಡುವ ಲೀಟರ್ ದರಕ್ಕೇ ಅಲ್ವಾ? ಹಿಂಡಿ, ಬೂಸಾ ಬೆಲೆ ಮಾತ್ರ ಇಳಿಯುವುದಿಲ್ಲ.

ಆದ್ದರಿಂದ ನಮ್ಮ ಸಂಸದರು ದೆಹಲಿಯಲ್ಲಿ 'ಡೇರಿ ಮುಟ್ಟಬೇಡಿ' ಎಂದು ಸುಮ್ನೆ ಕೂಗಿದರೆ ಸಾಲದು. ಯಾವುದೇ ಕೋಟಾ ಇರಲಿ, ಲೈಸೆನ್ಸು ಪಡೆದವರ ಹೆಸರು, ತರಿಸಿದ ಟನ್ನು ತಿಂಗಳು ತಿಂಗಳು ಪ್ರಕಟವಾಗಬೇಕು. ಹಸಿ ಮೇವು ಚೆನ್ನಾಗಿದ್ದು ಡೇರಿಗೆ ಹಾಲು ಜಾಸ್ತಿ ಬರುವ ಕಾಲದಲ್ಲಿ, ಒಕ್ಕೂಟಗಳಲ್ಲಿ ಪುಡಿ ದಾಸ್ತಾನು ಇರುವಾಗ, ಆಮದಿಗೆ ಒಪ್ಪಿಗೆ ಕೊಡಬಾರದು. ಈ ಎರಡು ಷರತ್ತು ಬರವಣಿಗೆಯಲ್ಲಿ ಇರಲಿ ಎಂದು ಅವರು ಕೇಳಲಿ.

– ಹಾಲು ಉತ್ಪಾದಕರೊಬ್ಬರು, ಚನ್ನರಾಯಪಟ್ಟಣ