ಕುದುರೆ ಕೈಗೆ ಸಿಗದಿದ್ದರೆ ತಪ್ಪು ಕಡಿವಾಣದ್ದೇ?

ಮಾನ್ಯ ಸಂಪಾದಕರೇ,

ಬೆಲೆ ಏರಿಕೆಗೆ ಕಡಿವಾಣ, ಅಕ್ರಮ ಮರಳುಗಾರಿಕೆಗೆ ಕಡಿವಾಣ ಎಂದು ಪತ್ರಿಕೆಗಳಲ್ಲಿ ದಿನಾ ಓದುತ್ತೇವೆ. ನಿಜವಾದ ಕಡಿವಾಣ ಕುದುರೆಯ ಬಾಯೊಳಗೆ ಏನು ಮಾಡುತ್ತದೆ ಎಂಬುದು ಮಾತ್ರ ಕುದುರೆ ಸಾಕುವವರಲ್ಲೂ ಹಲವರಿಗೆ ಗೊತ್ತಿಲ್ಲ. ಭತ್ತದ ಕೊಯ್ಲು ಮುಗಿದು ಗದ್ದೆ ಒಣಗಿದರೆ ಕೊಡಗಿನಲ್ಲಿ ಜಂಪಿಂಗ್ ಅಭ್ಯಾಸಕ್ಕೆ ಒಳ್ಳೆಯ ಸಮತಟ್ಟು ಜಾಗ ಸಿಗುತ್ತದೆ. ಜೊತೆಗೇ ಪ್ರತಿ ವರ್ಷ ಕೇಳುವ ಮಾತು: ‘ಕುದುರೆ ಕೈಗೆ ಸಿಗುತ್ತಿಲ್ಲ, ಜೋರಿನ ಬಿಟ್ ತರಿಸಿ.’ ಬಿಟ್ ಎಂದರೆ ಕುದುರೆಯ ಬಾಯೊಳಗೆ ಕೂರುವ ಕಡಿವಾಣದ ಕಂಬಿ. ಅದನ್ನು ಬದಲಿಸುವ ಈ ಆತುರದ ಬಗ್ಗೆಯೇ ಈ ಪತ್ರ.

ಕುದುರೆಯ ಮುಂಹಲ್ಲಿಗೂ ದವಡೆಹಲ್ಲಿಗೂ ನಡುವೆ ಹಲ್ಲಿಲ್ಲದ ಜಾಗವಿದೆ. ಬಿಟ್ ಕೂರುವುದು ಅಲ್ಲಿ. ಎಲುಬಿನ ಮೇಲೆ ತೆಳುವಾದ ಒಸಡು ಬಿಟ್ಟರೆ ಅಲ್ಲಿ ಬೇರೇನೂ ಇಲ್ಲ. ಕತ್ತಲಲ್ಲಿ ನಡೆಯುವಾಗ ಮಂಚದ ಅಂಚು ನಮ್ಮ ಮೊಣಕಾಲ ಕೆಳಗಿನ ಎಲುಬಿಗೆ ಬಡಿದರೆ ಹೇಗಿರುತ್ತದೋ, ಲಗಾಮು ಜಗ್ಗಿದಾಗ ಅಲ್ಲಿ ಹಾಗೆ. ನೋವಾದ ಕುದುರೆ ನಿಲ್ಲುವುದಿಲ್ಲ. ನೋವಿನಿಂದ ದೂರ ಓಡಲು ನೋಡುತ್ತದೆ. ಸವಾರ ಇನ್ನಷ್ಟು ಜಗ್ಗುತ್ತಾನೆ.

ಆದ್ದರಿಂದ ಬಿಟ್ ಬದಲಿಸುವ ಮುನ್ನ ಬಾಯಿ ತೆಗೆಸಿ ನೋಡಿ. ಕೆಲವು ಕುದುರೆಗಳಿಗೆ ಮೇಲಿನ ಮೊದಲ ದವಡೆಹಲ್ಲಿನ ಮುಂದೆ ‘ವುಲ್ಫ್ ಟೂತ್’ ಎಂಬ ಪುಟ್ಟ ಹಲ್ಲಿರುತ್ತದೆ, ಬಿಟ್ ಅದಕ್ಕೆ ತಗುಲುತ್ತದೆ. ದವಡೆಹಲ್ಲಿನ ಹೊರ ಅಂಚು ಚೂಪಾಗಿ ಕೆನ್ನೆಯನ್ನು ಕೊಯ್ಯುವುದೂ ಉಂಟು. ಪಶುವೈದ್ಯರು ಅರದಿಂದ ಉಜ್ಜಿ ಸರಿಮಾಡಬಲ್ಲರು. ವರ್ಷಕ್ಕೊಮ್ಮೆ, ಎಳೆಯ ಕುದುರೆಗಾದರೆ ಆರು ತಿಂಗಳಿಗೊಮ್ಮೆ ಈ ತಪಾಸಣೆ ಬೇಕು. ಜೀನು ಬೆನ್ನಿಗೆ ಒತ್ತುತ್ತಿದ್ದರೂ ಕುದುರೆ ಜಂಪ್ ಆದಮೇಲೆ ನುಗ್ಗುತ್ತದೆ.

ರೇಸಿನಿಂದ ನಿವೃತ್ತಿಯಾಗಿ ಬಂದ ಥರೋಬ್ರೆಡ್‌ಗಳ ವಿಷಯ ಬೇರೆ. ಜಾಕಿ ಲಗಾಮು ಬಿಗಿಹಿಡಿದರೆ ಅದಕ್ಕೆ ಒರಗಿ ನಾಗಾಲೋಟ ಓಡುವುದನ್ನೇ ಅವು ಕಲಿತಿರುತ್ತವೆ. ಅವುಗಳ ಪಾಲಿಗೆ ಎಳೆತ ಎಂದರೆ ‘ಹೋಗು’. ಇಂಥ ಕುದುರೆಗೆ ಜೋರಿನ ಬಿಟ್ ಹಾಕಿ ಜಗ್ಗಿದರೆ ಹೇಳಿದ ಹಾಗೆ ಕೇಳಿ ಇನ್ನೂ ಜೋರಾಗಿ ಓಡುತ್ತದೆ. ನಮ್ಮ ಜಿಲ್ಲೆಯ ಇಳಿಜಾರನ್ನೂ ಮರೆಯಬಾರದು. ಇಳಿಯುವ ನೆಲದಲ್ಲಿ ಜಂಪ್ (ಹಾರಬೇಕಾದ ಅಡ್ಡಗಂಬ) ಇಟ್ಟರೆ ಎಂಥ ಕುದುರೆಯೂ ಮುಂಗಾಲಿನ ಮೇಲೆ ಭಾರ ಹಾಕಿ ಕೈಗೆ ಜೋತುಬೀಳುತ್ತದೆ. ಅದನ್ನೇ ಸ್ವಲ್ಪ ಏರುವ ಕಡೆ ಇಟ್ಟು ನೋಡಿ, ಅರ್ಧ ದೂರು ಅಲ್ಲೇ ಕರಗುತ್ತದೆ.

ಇಷ್ಟಾದ ಮೇಲೂ ಬಿಟ್ ಬದಲಿಸಬೇಕೆಂದರೆ, ಕುದುರೆ ತಪ್ಪಿಸಿಕೊಳ್ಳುವುದು ಯಾವ ಬಗೆಯಲ್ಲಿ ಎಂದು ಮೊದಲು ಗಮನಿಸಿ. ತಲೆ ಆಕಾಶಕ್ಕೆತ್ತಿ ಓಡುವ ಕುದುರೆಗೆ ಮೂರು ರಿಂಗಿನ ಗ್ಯಾಗ್ ಎಂಬ ಬಿಟ್ ಹಾಕುವುದು ಇಲ್ಲಿ ಸಾಮಾನ್ಯ ತಪ್ಪು. ಲಗಾಮು ಜಗ್ಗಿದರೆ ಗ್ಯಾಗ್ ಬಾಯಲ್ಲಿ ಮೇಲಕ್ಕೆ ಸರಿಯುತ್ತದೆ, ತಲೆ ಇನ್ನೂ ಏರುತ್ತದೆ. ಅಂಥ ಕುದುರೆಗೆ ಸಾದಾ ಸ್ನಾಫಲ್ (ಲಗಾಮು ನೇರ ಪಕ್ಕದ ರಿಂಗಿಗೆ ಸೇರುವ ಬಿಟ್) ಜೊತೆ ರನ್ನಿಂಗ್ ಮಾರ್ಟಿಂಗೇಲ್ (ಎದೆಯ ಕಡೆಯಿಂದ ಬಂದು ತುದಿಯ ರಿಂಗುಗಳಲ್ಲಿ ಲಗಾಮು ಹಾಯುವ ಪಟ್ಟಿ) ಸಾಕು. ಕುದುರೆ ಸಹಜವಾಗಿ ತಲೆ ಹಿಡಿದಿದ್ದಾಗ ಮಾರ್ಟಿಂಗೇಲ್ ಲಗಾಮನ್ನು ಕೆಳಗೆ ಎಳೆಯಕೂಡದು, ಲಗಾಮಿನಲ್ಲಿ ರಬ್ಬರ್ ಸ್ಟಾಪರ್ ಇರಲೇಬೇಕು. ಅದಿಲ್ಲದಿದ್ದರೆ ಮಾರ್ಟಿಂಗೇಲ್ ರಿಂಗು ಬಕಲಿಗೆ ಸಿಕ್ಕಿಕೊಂಡು ಕುದುರೆ ಗಾಬರಿಯಿಂದ ಹಿಂಗಾಲ ಮೇಲೆ ನಿಂತೀತು. ತಲೆ ತಗ್ಗಿಸಿ ಕೈಗೆ ಒರಗುವ ಕುದುರೆಗೆ ಗ್ಯಾಗ್ ಒಪ್ಪುತ್ತದೆ, ಅದೂ ಎರಡು ಲಗಾಮಿನೊಂದಿಗೆ: ಒಂದು ದೊಡ್ಡ ರಿಂಗಿಗೆ, ಇನ್ನೊಂದು ಕೆಳಗಿನದಕ್ಕೆ. ತಿರುಗಲು ಒಲ್ಲದ ಕುದುರೆಗೆ ಫುಲ್‌ಚೀಕ್ ಅಥವಾ ಡಿ-ರಿಂಗ್ ಸ್ನಾಫಲ್. ಅದರ ಪಕ್ಕದ ಕಂಬಿ ಕೆನ್ನೆಯನ್ನು ಒತ್ತಿ ದಾರಿ ತೋರಿಸುತ್ತದೆ. ಗದ್ದ ಎದೆಗೆ ಒತ್ತಿಕೊಂಡು ಬಿಟ್ಟಿನ ಹಿಂದೆ ಅಡಗುವ ಕುದುರೆಗೆ ಬೇಕಿರುವುದು ಮೆತ್ತಗಿನ, ಕೀಲಿಲ್ಲದ ಬಿಟ್. ಅದರ ಬಾಯಿಗೆ ಜೋರಿನದು ಹೊಕ್ಕರೆ ಇನ್ನಷ್ಟು ಮುದುಡುತ್ತದೆ.

ಸಣ್ಣ ಮಕ್ಕಳು ಬಲವಾದ ಕುದುರೆ ಹತ್ತುವಾಗ ಪೆಲ್ಹಮ್ ಬಳಸುವುದುಂಟು. ಇದು ಪಕ್ಕದ ಉದ್ದ ಕಂಬಿ ಸನ್ನೆಯಂತೆ ಕೆಲಸ ಮಾಡುವ, ಗದ್ದಕ್ಕೆ ಸರಪಳಿಯಿರುವ ಬಿಟ್. ಅದರ ಲೆಕ್ಕ ತಿಳಿದಿರಲಿ. ಪಕ್ಕದ ಕಂಬಿ ಬಾಯಿಕಂಬಿಯಿಂದ ಮೇಲೆ 4 ಸೆಂ.ಮೀ., ಕೆಳಗೆ 8 ಸೆಂ.ಮೀ. ಇದ್ದರೆ ಕೆಳಲಗಾಮಿನ ಎಳೆತ ಗದ್ದದ ಸರಪಳಿಗೆ ಹತ್ತಿರ ಹತ್ತಿರ ಎರಡು ಪಟ್ಟು, ಬಾಯಿಗೆ ಮೂರು ಪಟ್ಟಾಗಿ ಮುಟ್ಟುತ್ತದೆ. ಸರಪಳಿಯ ಕೊಂಡಿಗಳು ಚಪ್ಪಟೆಯಾಗಿ ಮಲಗುವವರೆಗೆ ತಿರುಚಿ, ಪಕ್ಕದ ಕಂಬಿ ಸುಮಾರು 45 ಡಿಗ್ರಿ ಹಿಂದೆ ಬಂದಾಗ ಮಾತ್ರ ಬಿಗಿಯುವಂತೆ ಕೊಕ್ಕೆಗೆ ಹಾಕಿ.

ಅಳತೆಗೆ ದುಬಾರಿ ಸಾಧನವೇನೂ ಬೇಡ. ಒಂದು ದಾರದ ತುದಿಗೆ ಗಂಟು ಹಾಕಿ, ಬಿಟ್ ಕೂರುವಲ್ಲಿ ಬಾಯೊಳಗಿಂದ ಹಾಯಿಸಿ. ಗಂಟು ಒಂದು ಕಡೆಯ ತುಟಿಗೆ ತಾಗಿರಲಿ, ಇನ್ನೊಂದು ಕಡೆ ತುಟಿಯಂಚಿನಲ್ಲಿ ದಾರವನ್ನು ಚಿವುಟಿ ಹಿಡಿದು ಸ್ಕೇಲಿನಲ್ಲಿ ಅಳೆಯಿರಿ. ಬಿಟ್ ಆ ಅಳತೆಗಿಂತ ಎರಡೂ ಕಡೆ ಸೇರಿ ಸುಮಾರು 6 ಮಿ.ಮೀ. ಹೆಚ್ಚಿರಬೇಕು, ಲೂಸ್‌ರಿಂಗ್ (ರಿಂಗು ಸಡಿಲವಾಗಿ ತಿರುಗುವ ಬಿಟ್) ಆದರೆ ತುಟಿ ಸಿಕ್ಕದಂತೆ ಇನ್ನೂ ಚೂರು ಜಾಸ್ತಿ. ದೊಡ್ಡ ಕುದುರೆಗಳಿಗೆ ಸಾಮಾನ್ಯವಾಗಿ 5ರಿಂದ 5½ ಇಂಚು ಹಿಡಿಯುತ್ತದೆ. ಹಾಕಿದ ಮೇಲೆ ಬಾಯಿಯ ಮೂಲೆಯಲ್ಲಿ ಒಂದೆರಡು ಸುಕ್ಕು ಕಾಣಬೇಕು. ದಪ್ಪ ಬಿಟ್ ಎಂದರೆ ಮೆತ್ತಗೆ ಎಂಬ ನಂಬಿಕೆ ಅರ್ಧಸತ್ಯ: ಚಿಕ್ಕ ಬಾಯಿ, ದಪ್ಪ ನಾಲಿಗೆಯ ಕುದುರೆಗೆ 18 ಮಿ.ಮೀ. ಕಂಬಿ ಹಿಡಿಸುವುದೇ ಇಲ್ಲ; 14ರಿಂದ 16 ಸಾಕು. ಬಾಯಿ ತೆರೆಯುತ್ತದೆಂದು ನೋಸ್‌ಬ್ಯಾಂಡ್ (ಮೂಗಿನ ಸುತ್ತಲಿನ ಪಟ್ಟಿ) ಬಿಗಿದು ಕಟ್ಟಬೇಡಿ. ಮೂಗಿನ ಮೂಳೆಯ ಮೇಲೆ ಎರಡು ಬೆರಳು ತೂರಬೇಕು.

ಮಳೆಗಾಲ ಇನ್ನೊಂದು ಉಪದ್ರ. ನಿಕಲ್ ಲೇಪನದ ಅಗ್ಗದ ಬಿಟ್ ಸಿಪ್ಪೆ ಎದ್ದು ನಾಲಿಗೆ ಗೀರುತ್ತದೆ. ಸ್ಟೇನ್‌ಲೆಸ್ ಸ್ಟೀಲೇ ಕೊಳ್ಳಿ. ಲಗಾಮಿನ ಚರ್ಮಕ್ಕೆ ಬೂಷ್ಟು ಹಿಡಿದರೆ ಒರೆಸಬಹುದು, ಆದರೆ ಬಿಟ್ಟಿಗೆ ಸೇರುವ ಮಡಿಕೆಯೊಳಗೆ ಹೊಲಿಗೆ ಕೊಳೆತರೆ ಹೊರಗೆ ಕಾಣುವುದಿಲ್ಲ. ಜಂಪಿಂಗ್‌ಗೆ ಮುನ್ನ ಆ ಮಡಿಕೆಯನ್ನು ಬಿಚ್ಚಿ ನೋಡಿ.

ವೇಗ ಇಳಿಸಲು ಬಿಟ್ಟಿಗಿಂತ ನೆಲದ ಕಂಬಗಳು ಹೆಚ್ಚು ಕೆಲಸ ಮಾಡುತ್ತವೆ. ಟ್ರಾಟ್‌ನಲ್ಲಿ (ಜಗ್ಗೋಟದಂಥ ನಿಧಾನ ಓಟ) ಬರುವಾಗ ಗುಣಾಕಾರ ಚಿಹ್ನೆಯಂತೆ ಇಟ್ಟ ಸಣ್ಣ ಜಂಪ್‌ಗೆ 2.7 ಮೀಟರ್ ಮುಂಚೆ ಒಂದು ಕಂಬ ಮಲಗಿಸಿ. ಕುದುರೆ ತಾನಾಗಿಯೇ ತಲೆ ತಗ್ಗಿಸಿ ಹೆಜ್ಜೆ ಅಳೆಯುತ್ತದೆ. ಎರಡು ಜಂಪ್‌ಗಳ ನಡುವೆ 18 ಮೀಟರ್ ಇಟ್ಟರೆ ಕ್ಯಾಂಟರ್‌ನಲ್ಲಿ (ಟ್ರಾಟ್‌ಗಿಂತ ವೇಗದ ಓಟ) ನಾಲ್ಕು ಸ್ಟ್ರೈಡ್, ಅಂದರೆ ದಾಪು, ಬರಬೇಕು. ಮೂರರಲ್ಲೇ ಮುಗಿಸಿದರೆ ಕುದುರೆ ನುಗ್ಗುತ್ತಿದೆ ಎಂದರ್ಥ. ಇಳಿದ ಕೂಡಲೇ ಜಗ್ಗುವ ಬದಲು 20 ಮೀಟರ್ ವೃತ್ತಕ್ಕೆ ತಿರುಗಿಸಿ. ಹಾರುವಾಗ ಸವಾರನ ಕೈ ಕೊರಳಿನುದ್ದಕ್ಕೂ ಮುಂದೆ ಹೋಗದಿದ್ದರೆ ಪ್ರತಿ ಜಂಪ್‌ನಲ್ಲೂ ಬಾಯಿಗೆ ಏಟು. ಅಂಥ ಕೈಗೆ ಗ್ಯಾಗ್, ಪೆಲ್ಹಮ್ ಎರಡೂ ಕೊಡಬಾರದು.

ಮುಳ್ಳಿನ ಕಡಿವಾಣ ಇನ್ನೂ ಕೆಲವೆಡೆ ಮಾರಾಟಕ್ಕಿದೆ. ಭಾರ ಎಳೆಯುವ, ಹೊರುವ ಪ್ರಾಣಿಗಳ ಮೇಲಿನ ಹಿಂಸೆ ತಡೆ ನಿಯಮಗಳು, 1965ರ 8ನೇ ನಿಯಮ ಸವಾರಿಗೂ ಮುಳ್ಳು, ಗುಬುಟುಗಳಿರುವ ಬಿಟ್ಟನ್ನು ನಿಷೇಧಿಸಿದೆ. ಕುದುರೆ ಸ್ಪರ್ಧೆ ನಡೆಸುವವರು ಅಂಕಣದ ಬಾಗಿಲಲ್ಲೇ ಬಿಟ್, ನೋಸ್‌ಬ್ಯಾಂಡ್ ಪರೀಕ್ಷಿಸಿ, ಇಳಿದು ಬಂದ ಮೇಲೆ ತುಟಿಯ ಒಳಮೂಲೆಯನ್ನೂ ಬೆರಳಿಟ್ಟು ನೋಡಲಿ. ಗಾಯ ಹೊರಗಿನಿಂದ ಕಾಣುವುದಿಲ್ಲ. ಪಶುಪಾಲನಾ ಇಲಾಖೆಯು ತನ್ನ ಶಿಬಿರಗಳಲ್ಲಿ ದನಗಳ ಜೊತೆ ಕುದುರೆಗಳ ಹಲ್ಲನ್ನು ಅರದಿಂದ ಉಜ್ಜಿ ಸರಿಮಾಡುವ ಕೆಲಸಕ್ಕೂ ಒಂದು ದಿನ ಮೀಸಲಿಡಬೇಕೆಂದು ಕೋರುತ್ತೇವೆ.

ಇಂತಿ,
ಕೊಡಗಿನ ಕೆಲವು ಸವಾರಿ ತರಬೇತುದಾರರು ಮತ್ತು ಲಾಯದ ಕೆಲಸಗಾರರು