ಮಗಳಿಗೊಂದು ಪತ್ರ: ‘ಅವರೇ ಒಪ್ಪಿ ಹೋದರಲ್ಲ’ ಅನ್ನುವ ಮಾತಿನ ಬಗ್ಗೆ

ಸುಮಾ,

ಮಾನವ ಹಕ್ಕು ಮತ್ತು ಬಲವಂತದ ದುಡಿಮೆ ಬಗ್ಗೆ ನೀನು ಬರೆದು ಕಳಿಸಿದ ಸೆಮಿನಾರ್ ಪ್ರಬಂಧ ಪೂರ್ತಿ ಓದಿದೆ. ಮೊದಲ ಭಾಗ ತುಂಬಾ ಚೆನ್ನಾಗಿದೆ. ಮಾನವ ಹಕ್ಕು ಅನ್ನೋದು ಪಶ್ಚಿಮದವರ ಸರಕು ಅನ್ನುವವರಿಗೆ ನೀನು, ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆ ರೂಪಿಸುವುದರಲ್ಲಿ ದುಡಿದ ನಮ್ಮ ದೇಶದ ಹಂಸಾ ಮೆಹ್ತಾ ಹೆಸರು ಹೇಳಿದ್ದೀಯ. ಅಷ್ಟು ಸಾಕು, ಆ ವಾದವನ್ನು ಮತ್ತೆ ಮತ್ತೆ ಎಳೆಯಬೇಡ. 1948ರ ಡಿಸೆಂಬರ್ 10ಕ್ಕೆ ಪ್ಯಾರಿಸ್‌ನಲ್ಲಿ ಆ ಘೋಷಣೆ ಒಪ್ಪಿಗೆಯಾದಾಗ ನಮ್ಮ ಭಾಗ ನಿಜಾಮನಿಂದ ಬಿಡುಗಡೆಯಾಗಿ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ ಅನ್ನೋದನ್ನು ಬೇಕಿದ್ದರೆ ಸೇರಿಸು.

ನನಗೆ ಸರಿ ಅನಿಸದ್ದು ಮೂರನೇ ಭಾಗ. ಅಲ್ಲಿ ದುಡಿಯುವವರನ್ನು ಎರಡು ಗುಂಪು ಮಾಡಿದ್ದೀಯ. ಬಲವಂತಕ್ಕೆ ಸಿಕ್ಕವರು ಒಂದು ಕಡೆ, ತಾವಾಗಿ ಒಪ್ಪಿ ಹೋದವರು ಇನ್ನೊಂದು ಕಡೆ. ಪುಸ್ತಕದಲ್ಲಿ ಈ ಗೆರೆ ಸಲೀಸಾಗಿ ಬೀಳುತ್ತದೆ. ನಮ್ಮ ಯಾದಗಿರಿಯಲ್ಲಿ ಬೀಳೋದಿಲ್ಲ.

ದೀಪಾವಳಿ ಮುಗಿದರೆ ನನ್ನ ಕ್ಲಾಸಿನಲ್ಲಿ ಏನಾಗುತ್ತದೆ ಅಂತ ನಿನಗೆ ಗೊತ್ತೇ ಇದೆ. ತಾಂಡಾದ ಮಕ್ಕಳು ಒಬ್ಬೊಬ್ಬರಾಗಿ ಬರೋದು ನಿಲ್ಲಿಸುತ್ತಾರೆ. ಅಪ್ಪ ಅವ್ವ ಗುಳೆ ಹೊರಟರೆ ಮಕ್ಕಳೂ ಹೊರಟರು, ಬೆಂಗಳೂರಿಗೋ ಪುಣೆಗೋ ಮುಂಬೈಗೋ. ಯಾರೂ ಅವರನ್ನು ಕಟ್ಟಿ ಎಳೆದುಕೊಂಡು ಹೋಗಿಲ್ಲ, ನಿಜ. ಆದರೆ ಮಳೆ ಕೈಕೊಟ್ಟು, ತೊಗರಿ ಒಣಗಿ, ಸಾಲ ತಲೆ ಮೇಲೆ ಕೂತಾಗ ಮೇಸ್ತ್ರಿ ಬಂದು ಮುಂಗಡ ಎಣಿಸಿಕೊಟ್ಟರೆ ಬೇಡ ಅನ್ನೋದಕ್ಕೆ ಅವರ ಹತ್ತಿರ ಏನಿರುತ್ತದೆ ಹೇಳು? ಆ ಮುಂಗಡ ತೀರುವ ತನಕ ಬೇರೆ ಕಡೆ ದುಡಿಯುವ ಹಾಗಿಲ್ಲ ಅಂದರೆ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಪ್ರಕಾರ ಅದು ಜೀತವೇ. ಅಂಥ ಸಾಲ ತೀರಿಸುವ ಹೊಣೆಯನ್ನೇ ಆ ಕಾಯ್ದೆ ತೆಗೆದುಹಾಕಿದೆ. ತಾಂಡಾದಲ್ಲಿ ಇದು ಎಷ್ಟು ಜನಕ್ಕೆ ಗೊತ್ತು?

ನೀನು 1982ರ ಏಷ್ಯಾಡ್ ತೀರ್ಪನ್ನು ಬಿಟ್ಟಿದ್ದೀಯ. ದಯವಿಟ್ಟು ಸೇರಿಸು. ದಿಲ್ಲಿಯಲ್ಲಿ ಏಷ್ಯನ್ ಕ್ರೀಡಾಕೂಟಕ್ಕೆ ಸ್ಟೇಡಿಯಂ, ಫ್ಲೈಓವರ್ ಕಟ್ಟುತ್ತಿದ್ದರಲ್ಲ, ಆಗ ದಿನಕ್ಕೆ ಕನಿಷ್ಠ ಕೂಲಿ 9 ರೂಪಾಯಿ 25 ಪೈಸೆ. ಕೆಲಸಗಾರರನ್ನು ಕರೆತಂದ ಜಮಾದಾರರು ತಲೆಗೆ ದಿನಕ್ಕೆ ಒಂದು ರೂಪಾಯಿ ತಮ್ಮ ಕಮಿಷನ್ ಅಂತ ಮುರಿದುಕೊಳ್ಳುತ್ತಿದ್ದರು. ಕೆಲಸಗಾರರು ಒಪ್ಪಿಯೇ ದುಡಿಯುತ್ತಿದ್ದರು. ಆದರೂ ಸುಪ್ರೀಂ ಕೋರ್ಟ್‌ನಲ್ಲಿ ನ್ಯಾಯಮೂರ್ತಿ ಭಗವತಿ ಅವರು, ಹಸಿವು ಬಡತನ ಕೂಡ ಬಲವಂತವೇ, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿದರೆ ಅದು ಸಂವಿಧಾನದ 23ನೇ ವಿಧಿ ತಡೆಯುವ ಬಲವಂತದ ದುಡಿಮೆ ಅಂತ ಹೇಳಿದರು. ನನಗೆ ಇದು ನಮ್ಮ ದೇಶದ ಅತಿ ದೊಡ್ಡ ತೀರ್ಪುಗಳಲ್ಲಿ ಒಂದು. ನಾನು ಇದನ್ನು ಓದುವಾಗಲೆಲ್ಲ ನನ್ನ ಶಾಲೆ ಮಕ್ಕಳ ಅಪ್ಪ ಅವ್ವಂದಿರು ಕಣ್ಣ ಮುಂದೆ ಬರುತ್ತಾರೆ.

ಇನ್ನು ಕಲಬುರಗಿ ಹುಡುಗರ ಸುದ್ದಿ. 2024ರ ಫೆಬ್ರವರಿಯಲ್ಲಿ ಎಲ್ಲ ಪೇಪರಿನಲ್ಲೂ ಬಂತಲ್ಲ, ಸೆಕ್ಯೂರಿಟಿ ಕೆಲಸ ಅಂತ ನಂಬಿಸಿ ರಷ್ಯಾಕ್ಕೆ ಕರೆದುಕೊಂಡು ಹೋಗಿ ಉಕ್ರೇನ್ ಯುದ್ಧಕ್ಕೆ ನೂಕಿದ್ದು. ಪುಣ್ಯಕ್ಕೆ ಸೆಪ್ಟೆಂಬರ್‌ನಲ್ಲಿ ಜೀವಂತ ಮನೆಗೆ ಬಂದರು. ಆಗ ನಮ್ಮ ಸ್ಟಾಫ್ ರೂಮಿನಲ್ಲೇ ಒಬ್ಬರು, ದುಡ್ಡಿನ ಆಸೆಗೆ ಅವರೇ ಒಪ್ಪಿ ಹೋದರಲ್ಲ ಅಂದರು. ನನಗೆ ಹೊಟ್ಟೆ ಉರಿಯಿತು. ಮನುಷ್ಯರ ಸಾಗಾಟದ ಬಗ್ಗೆ 2000ದಲ್ಲಿ ಆದ ಪಲೆರ್ಮೋ ಒಡಂಬಡಿಕೆ ನೋಡು. ಮೋಸ ಮಾಡಿ ಪಡೆದ ಒಪ್ಪಿಗೆಗೆ ಬೆಲೆಯೇ ಇಲ್ಲ ಅಂತ ಅದರ 3ನೇ ವಿಧಿ ನೇರವಾಗಿ ಹೇಳುತ್ತದೆ. ಭಾರತವೂ 2011ರಲ್ಲಿ ಅದನ್ನು ಅನುಮೋದಿಸಿದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತೆ ಜೊತೆಯವರ ಅಂದಾಜಿನ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ 2.76 ಕೋಟಿ ಜನ ಬಲವಂತದ ದುಡಿಮೆಯಲ್ಲಿದ್ದರು. ನೀನು ಈ ಅಂಕಿ ಕೊಟ್ಟಿದ್ದೀಯ, ಒಳ್ಳೆಯದು. ಆದರೆ ಅದರ ಪಕ್ಕದಲ್ಲೇ ಇದನ್ನೂ ಬರಿ. ವಲಸೆ ಕಾರ್ಮಿಕರ ಹಕ್ಕಿಗಾಗಿಯೇ 1990ರಲ್ಲಿ ವಿಶ್ವಸಂಸ್ಥೆ ಒಂದು ಒಡಂಬಡಿಕೆ ಮಾಡಿತು. ಅದನ್ನು ಒಪ್ಪಿದ್ದು ಹೆಚ್ಚಾಗಿ ಜನರನ್ನು ಕಳಿಸುವ ದೇಶಗಳು. ಕೊಲ್ಲಿ ದೇಶಗಳು, ಅಮೆರಿಕ, ಪಶ್ಚಿಮ ಯುರೋಪಿನ ಶ್ರೀಮಂತ ದೇಶಗಳು ದೂರ ಉಳಿದವು. ನಮ್ಮ ದೇಶವೂ ಸೇರಲಿಲ್ಲ. ದುಡಿಸಿಕೊಳ್ಳುವವರೇ ಸಹಿ ಹಾಕದಿದ್ದರೆ ಆ ಕಾಗದ ಯಾರನ್ನು ಕಾಯುತ್ತದೆ? ನಿನ್ನ ಪ್ರಬಂಧ ಇಲ್ಲೇ ಗಟ್ಟಿಯಾಗಿ ನಿಲ್ಲಬೇಕು.

ಹಾಗಾದರೆ ಬಡವರು ಮಾಡುವ ಕೆಲಸವೆಲ್ಲ ಬಲವಂತವೇನಾ ಅಂತ ನಿಮ್ಮ ಪ್ರೊಫೆಸರು ಕೇಳೇ ಕೇಳುತ್ತಾರೆ. ಅಲ್ಲ ಅಂತಲೇ ಹೇಳು. ಗುಳೆ ಹೋಗಿ ದುಡಿದು ಮನೆ ಕಟ್ಟಿದವರೂ, ಮಗಳನ್ನು ಕಾಲೇಜಿಗೆ ಕಳಿಸಿದವರೂ ನಮ್ಮಲ್ಲಿದ್ದಾರೆ. ಹೊರಡುವಾಗ ಹೂಂ ಅಂದರಾ ಇಲ್ಲವಾ ಅನ್ನೋದು ಸಾಲದು, ಬೇಡ ಅನಿಸಿದ ದಿನ ಬಿಟ್ಟು ಬರಲು ಆಗುತ್ತದಾ, ಹೇಳಿದ ಕೆಲಸ ಹೇಳಿದ ಕೂಲಿ ಸಿಕ್ಕಿತಾ, ಆಧಾರ್ ಕಾರ್ಡೋ ಪಾಸ್‌ಪೋರ್ಟೋ ಯಾರ ಕೈಯಲ್ಲಿದೆ, ಇದನ್ನು ನೋಡಬೇಕು ಅಂತ ನನ್ನ ಅಭಿಪ್ರಾಯ.

ಯುಗಾದಿಗೆ ಊರಿಗೆ ಬಾ. ಆ ಹೊತ್ತಿಗೆ ಕೆಲವರು ಗುಳೆಯಿಂದ ವಾಪಸ್ ಬಂದಿರುತ್ತಾರೆ. ಇಬ್ಬರೂ ತಾಂಡಾಕ್ಕೆ ಹೋಗೋಣ. ಮುಂಗಡದ ಲೆಕ್ಕ ಯಾರು ಬರೆದಿಡುತ್ತಾರೆ, ಅದನ್ನು ಇವರಿಗೆ ಯಾವತ್ತಾದರೂ ತೋರಿಸಿದ್ದಾರಾ ಅಂತ ನೀನೇ ಕೇಳು. ಆಮೇಲೆ ಮೂರನೇ ಭಾಗ ಬರಿ.

ನಿನ್ನ ಅವ್ವ
ಯಾದಗಿರಿ